‘ನಮ್ಮ ಪಿತೃಗಳು’: ಒಂದು ಪದದ ವ್ಯಾಪ್ತಿ

ಪವಿತ್ರ ಗ್ರಂಥದಲ್ಲಿ ನಾವು ‘ಪಿತೃಗಳು’ ಎಂದು ಓದುವಲ್ಲಿ ಹೀಬ್ರೂ ಮೂಲದ ಪದ ‘ಆವೋತ್’. ತಂದೆ ಎಂಬರ್ಥದ ‘ಆವ್’ ಪದದ ಬಹುವಚನ. ಹೆತ್ತ ತಂದೆಯರನ್ನಷ್ಟೇ ಅಲ್ಲ, ಗತಿಸಿದ ತಲೆಮಾರುಗಳೆಲ್ಲವನ್ನೂ ಅದು ಒಳಗೊಳ್ಳುತ್ತದೆ. ಗ್ರೀಕ್ ಅನುವಾದದಲ್ಲಿ ಅದು ‘ಪಾತೆರೆಸ್’ ಆಯಿತು. ‘ಮೂಲಪಿತೃ’ ಎಂಬರ್ಥದ ‘ಪಾತ್ರಿಯಾರ್ಖೇಸ್’ ಹೊಸ ಒಡಂಬಡಿಕೆಯಲ್ಲಿ ವಿರಳ. ಅಬ್ರಹಾಮ, ಯಕೋಬನ ಹನ್ನೆರಡು ಮಕ್ಕಳು ಹಾಗೂ ದಾವೀದನಿಗೆ ಮಾತ್ರ ಸಲ್ಲುವ ಪದವದು.

ಈ ಪದ ಬರಿಯ ಹೊಗಳಿಕೆಯಲ್ಲ. ಸಮಾಧಾನದಿಂದ ಪಿತೃಗಳ ಬಳಿಗೆ ಸೇರುವೆ ಎಂಬುದು ಅಬ್ರಹಾಮನಿಗೆ ದೊರೆತ ವಾಗ್ದಾನ (ಆದಿಕಾಂಡ 15:15). ಆದರೆ ಆ ಪಿತೃಗಳು, ತಂದೆ ತೆರಹನೂ ಸೇರಿದಂತೆ, ನದಿಯಾಚೆ ಅನ್ಯದೇವರುಗಳನ್ನು ಪೂಜಿಸುತ್ತಿದ್ದರೆಂದು ಯೆಹೋಶುವನ ಗ್ರಂಥ (24:2) ಮರೆಮಾಚದೆ ನುಡಿಯುತ್ತದೆ. ಕ್ರಿ.ಪೂ. 2ನೆಯ ಶತಮಾನದ ಆರಂಭದಲ್ಲಿ ಬರೆದ ಸಿರಾಖನು ಪಿತೃಗಳ ಸ್ತುತಿಯ ನಡುವೆಯೇ ನೆನಪೂ ಉಳಿಯದೆ ಹೋದವರನ್ನು ಸ್ಮರಿಸುತ್ತಾನೆ (44:9).

ಪ್ರೇಷಿತರ ಕಾರ್ಯಕಲಾಪಗಳ 7ನೆಯ ಅಧ್ಯಾಯದಲ್ಲಿ ಈ ಪದದ ಬಳಕೆ ತೀಕ್ಷ್ಣವಾಗಿದೆ. ಸ್ತೇಫನನು ಉದ್ದಕ್ಕೂ ‘ನಮ್ಮ ಪಿತೃಗಳು’ ಎನ್ನುತ್ತಾ ಬಂದು, ಪ್ರವಾದಿಗಳ ಹಿಂಸೆಯ ಮಾತು ಬಂದೊಡನೆ ‘ನಿಮ್ಮ ಪಿತೃಗಳು’ ಎನ್ನುತ್ತಾನೆ (7:51-52). ಒಂದು ಸರ್ವನಾಮದ ಬದಲಾವಣೆ. ಅಲ್ಲಿಗೆ ಬಂಧುತ್ವ ಒಡೆಯುತ್ತದೆ.

ಪೌಲನ ನಡೆ ಇದಕ್ಕೆ ವಿರುದ್ಧ ದಿಕ್ಕಿನದು. ಒಂದು ಕಾಲಕ್ಕೆ ಮೂಕ ವಿಗ್ರಹಗಳತ್ತ ಸೆಳೆಯಲ್ಪಟ್ಟಿದ್ದ ಕೊರಿಂಥದವರಿಗೆ ಆತನು ಬರೆಯುವಾಗ, ಸಮುದ್ರ ದಾಟಿದ ಇಸ್ರಯೇಲರನ್ನು ‘ನಮ್ಮ ಪಿತೃಗಳು’ ಎಂದೇ ಕರೆಯುತ್ತಾನೆ (1 ಕೊರಿಂಥ 10:1). ರಕ್ತದಿಂದ ಬಾರದ ಪೂರ್ವಜರು ಅವರಿಗೆ ವಿಶ್ವಾಸದಿಂದ ದೊರೆತರು.

ಹೊಸ ಪಿತೃಗಳನ್ನು ಪಡೆದವರು ಹಳಬರನ್ನು ಕಳೆದುಕೊಳ್ಳಬೇಕೆ? ಇದು ಕೇವಲ ಪದವಿಚಾರವಲ್ಲ. ಜ್ಞಾನಸ್ನಾನವಿಲ್ಲದೆ ಗತಿಸಿದ ಅಜ್ಜ-ಅಜ್ಜಿಯರ ಹೆಸರನ್ನು ನವೆಂಬರ್ 2ರ ಪ್ರಾರ್ಥನೆಗೆ ಬರೆಸಬಹುದೇ ಎಂದು ಮೊದಲ ತಲೆಮಾರಿನ ವಿಶ್ವಾಸಿಗಳು ತಗ್ಗಿದ ದನಿಯಲ್ಲಿ ಕೇಳುವುದನ್ನು ನಾವು ಬಲ್ಲೆವು. ಇಸ್ರಯೇಲು ತೆರಹನನ್ನು ಅಳಿಸಿಹಾಕಲಿಲ್ಲ. ಲೂಕನು ಯೇಸುವಿನ ವಂಶಾವಳಿಯಲ್ಲಿಯೇ ಆತನ ಹೆಸರನ್ನು ಬರೆದನು (3:34). ದೇವರೊಬ್ಬರೇ ಅರಿತ ವಿಶ್ವಾಸವುಳ್ಳ ಮೃತರನ್ನೂ ನಾಲ್ಕನೆಯ ಪರಮಪ್ರಸಾದ ಪ್ರಾರ್ಥನೆ ಸ್ಮರಿಸುತ್ತದೆ. ಬಲಿಪೀಠದ ಬಳಿ ‘ನಮ್ಮ ಪಿತೃಗಳು’ ಎನ್ನುವಾಗ ಆ ಅಜ್ಜ-ಅಜ್ಜಿಯರನ್ನು ‘ನಿಮ್ಮವರು’ ಎಂದು ಬೇರ್ಪಡಿಸುವ ಅಧಿಕಾರ ನಮಗಿಲ್ಲ. ಆ ಹೆಸರುಗಳನ್ನು ಬರೆದುಕೊಳ್ಳೋಣ.