ಇಬ್ಬರೇ ಸಾಕಾದ ದೋಣಿ: ಪುರುಷರ ಡಬಲ್ ಸ್ಕಲ್ಸ್ ಚರಿತ್ರೆಯಲ್ಲಿ ಸಣ್ಣ ದೇಶಗಳು

2016ರ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್‌ನ ಪುರುಷರ ಡಬಲ್ ಸ್ಕಲ್ಸ್ ಫೈನಲ್ ಮುಗಿದಾಗ ಪದಕ ಪಡೆದ ಮೂರು ದೇಶಗಳು ಕ್ರೊಯೇಷ್ಯಾ, ಲಿಥುವೇನಿಯಾ ಮತ್ತು ನಾರ್ವೆ. ಮೂರೂ ದೇಶಗಳ ಜನರನ್ನು ಕೂಡಿಸಿದರೂ ಆಗ ಸುಮಾರು ಒಂದೂಕಾಲು ಕೋಟಿ. ಕರ್ನಾಟಕದ ಜನಸಂಖ್ಯೆ 2011ರ ಜನಗಣತಿಯಲ್ಲೇ 6 ಕೋಟಿ ದಾಟಿತ್ತು. ಅಮೆರಿಕ, ಜರ್ಮನಿ, ಬ್ರಿಟನ್‌ಗಳಂಥ ದೊಡ್ಡ ದೇಶಗಳು ದಶಕಗಳಿಂದ ಹಣ ಮತ್ತು ಶ್ರಮ ಸುರಿದ ಕ್ರೀಡೆಯಲ್ಲಿ ಇಂಥ ಫಲಿತಾಂಶ ಆಕಸ್ಮಿಕವೇ? ಅಲ್ಲ ಎಂಬುದು ಈ ಲೇಖನದ ವಾದ. ಒಲಿಂಪಿಕ್ಸ್ ಮತ್ತು ವಿಶ್ವ ಚಾಂಪಿಯನ್‌ಷಿಪ್‌ಗಳ ಫಲಿತಾಂಶಗಳನ್ನು ಕಾಲಕ್ರಮದಲ್ಲಿ ಓದಿದರೆ, 1970ರ ದಶಕದ ನಡುವಿನಿಂದ ಈ ವಿಭಾಗ ಸಣ್ಣ ದೇಶಗಳಿಗೆ ತೆರೆದುಕೊಂಡದ್ದು ಕಾಣುತ್ತದೆ. ಅದಕ್ಕೆ ಕಾರಣಗಳೂ ಇವೆ.

ಮೊದಲು ದೋಣಿಯ ವಿಷಯ. ಡಬಲ್ ಸ್ಕಲ್ಸ್‌ನಲ್ಲಿ ಇಬ್ಬರು ಸ್ಪರ್ಧಿಗಳು, ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಹುಟ್ಟು. ದೋಣಿ ಸುಮಾರು 10 ಮೀಟರ್ ಉದ್ದ, ನಿಯಮದಂತೆ ಕನಿಷ್ಠ 27 ಕೆ.ಜಿ. ತೂಕ. ಇಬ್ಬರೂ ಗುರಿಗೆ ಬೆನ್ನು ಮಾಡಿ ಕೂರುತ್ತಾರೆ. ಹೆಚ್ಚಿನ ದೋಣಿಗಳಲ್ಲಿ ಚುಕ್ಕಾಣಿಯೂ ಇಲ್ಲ, ಚುಕ್ಕಾಣಿಗನೂ ಇಲ್ಲ. ಮೂತಿಯ ಕಡೆ ಕೂತವನು ಆಗಾಗ ಹೆಗಲ ಮೇಲಿಂದ ಹಿಂತಿರುಗಿ ನೋಡಿ ದಾರಿ ಸರಿಪಡಿಸಬೇಕು, ಓಟದ ತಂತ್ರವನ್ನೂ ಅವನೇ ಕೂಗಿ ಹೇಳಬೇಕು. ಹುಟ್ಟಿನ ಎರಡು ಹಿಡಿಗಳು ಎದೆಯ ಮುಂದೆ ಒಂದರ ಮೇಲೊಂದು ಹಾಯುವುದರಿಂದ ಎಡಗೈ ಬಲಗೈಗಿಂತ ತುಸು ಮೇಲೆ ಸಾಗಬೇಕು. ಹೊಸಬರ ಬೆರಳ ಗೆಣ್ಣುಗಳು ಉಜ್ಜಿ ಸುಲಿದು ಹೋಗುವುದು ಇಲ್ಲಿಯೇ. ಇಬ್ಬರ ನಾಲ್ಕು ಹುಟ್ಟುಗಳೂ ಒಂದೇ ಕ್ಷಣದಲ್ಲಿ ನೀರಿಗಿಳಿದು ಒಂದೇ ಕ್ಷಣದಲ್ಲಿ ಮೇಲೇಳದಿದ್ದರೆ ದೋಣಿ ಒಂದು ಪಕ್ಕಕ್ಕೆ ವಾಲಿ ವೇಗ ಕಳೆದುಕೊಳ್ಳುತ್ತದೆ. ಎಂಟು ಜನರ ದೋಣಿಯಲ್ಲಿ ಒಬ್ಬನ ಕೊರತೆಯನ್ನು ಉಳಿದ ಏಳು ಮಂದಿ ಅಷ್ಟಿಷ್ಟು ತುಂಬಬಲ್ಲರು. ಇಲ್ಲಿ ಅದು ಸಾಧ್ಯವಿಲ್ಲ.

ಈ ವಿಭಾಗದ ಆರಂಭದ ಚರಿತ್ರೆ ತುಂಡು ತುಂಡಾಗಿದೆ. ಅಂತರರಾಷ್ಟ್ರೀಯ ರೋಯಿಂಗ್ ಒಕ್ಕೂಟ ‘ಫೀಸಾ’ 1892ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಹುಟ್ಟಿತು. ಮರುವರ್ಷವೇ ಯುರೋಪಿಯನ್ ಚಾಂಪಿಯನ್‌ಷಿಪ್ ಶುರುವಾಯಿತು. ಅದರಲ್ಲಿ ಡಬಲ್ ಸ್ಕಲ್ಸ್ ಸೇರಿದ್ದು 1898ರಲ್ಲಿ. ಒಲಿಂಪಿಕ್ಸ್‌ಗೆ ಬಂದದ್ದು 1904ರ ಸೇಂಟ್ ಲೂಯಿಸ್‌ನಲ್ಲಿ. ಅಲ್ಲಿ ಮೂರೇ ದೋಣಿಗಳು, ಮೂರೂ ಅಮೆರಿಕದವು. ಅದನ್ನು ಅಂತರರಾಷ್ಟ್ರೀಯ ಸ್ಪರ್ಧೆ ಎಂದು ಕರೆಯಲು ನನಗೆ ಮನಸ್ಸಾಗದು. 1908 ಮತ್ತು 1912ರಲ್ಲಿ ಈ ವಿಭಾಗವೇ ಇರಲಿಲ್ಲ. ಇಂಗ್ಲೆಂಡಿನ ಹೆನ್ಲಿ ರೆಗಾಟಾ ಆ ಕಾಲದ ರೋಯಿಂಗ್ ಲೋಕಕ್ಕೆ ಮಾದರಿಯಾಗಿತ್ತು. 1839ರಲ್ಲಿ ಶುರುವಾದ ಆ ರೆಗಾಟಾದಲ್ಲಿ ಡಬಲ್ ಸ್ಕಲ್ಸ್ ಕಾಣಿಸಿಕೊಂಡದ್ದು ನೂರು ವರ್ಷ ಕಳೆದ ಮೇಲೆ, 1939ರಲ್ಲಿ. ಒಂದು ಹುಟ್ಟಿನ ಎಂಟರ ತಂಡ, ನಾಲ್ಕರ ತಂಡ, ಒಬ್ಬಂಟಿ ಸ್ಕಲ್ಲರ್ ಇವರಿಗೇ ಅಲ್ಲಿ ಗೌರವವೆಲ್ಲ ಸಂದಿತ್ತು. ಹೆನ್ಲಿಯ ಈ ಉದಾಸೀನವೇ ಡಬಲ್ ಸ್ಕಲ್ಸ್ ಬಹುಕಾಲ ಬದಿಗೆ ಬಿದ್ದಿರಲು ಮುಖ್ಯ ಕಾರಣ ಎಂದು ನಾನು ಭಾವಿಸುತ್ತೇನೆ.

ಆ ಖಾಲಿ ಜಾಗವನ್ನು ಅಮೆರಿಕ ತುಂಬಿತು. ಫಿಲಡೆಲ್ಫಿಯಾದ ಜಾನ್ ಕೆಲ್ಲಿ ಇಟ್ಟಿಗೆ ಕೆಲಸ ಮಾಡಿದ್ದವನು. ಕೈಕೆಲಸ ಮಾಡಿದವರು ‘ಅಮೆಚೂರ್’ ಅಲ್ಲ ಎಂಬ ನಿಯಮ ಹೆನ್ಲಿಯಲ್ಲಿತ್ತು. ಅವನ ವೆಸ್ಪರ್ ಕ್ಲಬ್ಬಿನ ಮೇಲೆ ಬೇರೆ ನಿಷೇಧವಿತ್ತು. 1920ರಲ್ಲಿ ಹೆನ್ಲಿ ಅವನ ಪ್ರವೇಶವನ್ನು ತಿರಸ್ಕರಿಸಿತು. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಕೆಲ್ಲಿ ಸಿಂಗಲ್ ಸ್ಕಲ್ಸ್‌ನಲ್ಲಿ ಬ್ರಿಟನ್ನಿನ ಜಾಕ್ ಬೆರೆಸ್‌ಫರ್ಡ್‌ನನ್ನು ಸೋಲಿಸಿದ. ಒಂದು ಗಂಟೆಯೊಳಗೆ ಮತ್ತೆ ನೀರಿಗಿಳಿದು, ಸೋದರ ಸಂಬಂಧಿ ಪಾಲ್ ಕಾಸ್ಟೆಲೊ ಜೊತೆ ಡಬಲ್ ಸ್ಕಲ್ಸ್ ಚಿನ್ನವನ್ನೂ ಗೆದ್ದ. 1924ರ ಪ್ಯಾರಿಸ್‌ನಲ್ಲೂ ಇದೇ ಜೋಡಿ ಗೆದ್ದಿತು. 1928ರಲ್ಲಿ ಕಾಸ್ಟೆಲೊ ಚಾರ್ಲ್ಸ್ ಮ್ಯಾಕಿಲ್‌ವೇನ್ ಜೊತೆ ಮೂರನೆಯ ಚಿನ್ನ ಪಡೆದ. 1932ರ ಲಾಸ್ ಏಂಜಲೀಸ್‌ನ ಚಿನ್ನವೂ ಅಮೆರಿಕದ್ದೇ. ಒಬ್ಬ ಶ್ರೇಷ್ಠ ಸ್ಕಲ್ಲರ್ ಮತ್ತು ಅವನಿಗೆ ಹೊಂದುವ ಇನ್ನೊಬ್ಬ ಸಿಕ್ಕರೆ ಒಂದೇ ಊರು ಜಗತ್ತನ್ನು ಗೆಲ್ಲಬಹುದು ಎಂಬುದಕ್ಕೆ ಫಿಲಡೆಲ್ಫಿಯಾ ಮೊದಲ ಸಾಕ್ಷಿ.

1936ರ ಬರ್ಲಿನ್ ಒಲಿಂಪಿಕ್ಸ್‌ನ ಓಟಕ್ಕೆ ಈ ಚರಿತ್ರೆಯಲ್ಲಿ ವಿಶೇಷ ಜಾಗ ಕೊಡಬೇಕು. ಗ್ರೂನಾವ್‌ನ ನೀರಿನಲ್ಲಿ ಹಿಟ್ಲರ್ ನೋಡುತ್ತಿದ್ದಂತೆ ಜರ್ಮನಿ ಮೊದಲ ಐದು ಫೈನಲ್‌ಗಳನ್ನೂ ಗೆದ್ದಿತ್ತು. ಆರನೆಯದು ಡಬಲ್ ಸ್ಕಲ್ಸ್. ಬ್ರಿಟನ್ ಪರ ಬಂದವರು ಅದೇ ಬೆರೆಸ್‌ಫರ್ಡ್ ಮತ್ತು ಡಿಕ್ ಸೌತ್‌ವುಡ್. ಬೆರೆಸ್‌ಫರ್ಡ್‌ಗೆ ಆಗ 37 ವರ್ಷ, ಅದು ಅವನ ಐದನೆಯ ಒಲಿಂಪಿಕ್ಸ್. ಇವರ ತರಬೇತುದಾರ ಎರಿಕ್ ಫೆಲ್ಪ್ಸ್ ಜರ್ಮನಿಯಲ್ಲೇ ಕೆಲಸ ಮಾಡಿದ್ದ ಇಂಗ್ಲಿಷ್ ವೃತ್ತಿಪರ ಸ್ಕಲ್ಲರ್. ಎದುರಾಳಿಗಳ ಬಲಾಬಲ ಅವನಿಗೆ ಚೆನ್ನಾಗಿ ಗೊತ್ತಿತ್ತು. ಇವರ ಹಳೆಯ ದೋಣಿ ಭಾರ ಹೆಚ್ಚು ಎಂದು ಕಂಡು ಹಗುರವಾದ ಹೊಸ ದೋಣಿಯ ವಿನ್ಯಾಸ ಮಾಡಿಕೊಟ್ಟ. ಆ ದೋಣಿ ರೈಲಿನಲ್ಲಿ ಬರುವಾಗ ಹ್ಯಾಂಬರ್ಗ್ ಮತ್ತು ಬರ್ಲಿನ್ ನಡುವೆ ಕಾಣೆಯಾಗಿ, ಹುಡುಕಾಡಿದ ಮೇಲೆ ಸಿಕ್ಕಿತು. ಪ್ರಾಥಮಿಕ ಸುತ್ತಿನಲ್ಲಿ ಜರ್ಮನಿಯ ವಿಲ್ಲಿ ಕೈಡೆಲ್ ಮತ್ತು ಯೋಆಖಿಮ್ ಪಿರ್ಷ್ ಜೋಡಿ ಬ್ರಿಟಿಷರನ್ನು ಸೋಲಿಸಿತು. ಸೋತವರಿಗೆ ಮರು ಅವಕಾಶ ಕೊಡುವ ಸುತ್ತಿನಿಂದ ಇವರು ಫೈನಲ್‌ಗೆ ಬಂದರು. ಫೈನಲ್‌ನಲ್ಲೂ ಜರ್ಮನ್ನರದೇ ಮುನ್ನಡೆ. ಬ್ರಿಟಿಷರು ಇಂಚಿಂಚಾಗಿ ಅಂತರ ಕಡಿಮೆ ಮಾಡುತ್ತ, ಕೊನೆಯ ಇನ್ನೂರು ಮೀಟರ್ ಸುಮಾರಿಗೆ ಸಮಕ್ಕೆ ಬಂದರು. ಅಲ್ಲಿಗೆ ಜರ್ಮನ್ ಜೋಡಿಯ ಉಸಿರು ಮುಗಿಯಿತು. ರಾಜ್ಯಶಕ್ತಿಯೊಂದು ಇಡೀ ಕ್ರೀಡೆಯನ್ನೇ ತನ್ನ ಪ್ರಚಾರಕ್ಕೆ ಸಜ್ಜುಗೊಳಿಸಿದ್ದ ದಿನ, ಅದರ ಸರಣಿಯನ್ನು ಮುರಿದದ್ದು ಇಬ್ಬರೇ ಕೂತ ದೋಣಿ. ಮೂರು ವರ್ಷದ ನಂತರ ಹೆನ್ಲಿಯ ಶತಮಾನೋತ್ಸವದಲ್ಲಿ ಮೊದಲ ಬಾರಿ ನಡೆದ ಡಬಲ್ ಸ್ಕಲ್ಸ್ ಫೈನಲ್‌ನಲ್ಲಿ ಇದೇ ಜೋಡಿ ಇಟಲಿಯ ಜೋಡಿಯೊಂದಿಗೆ ಸಮಸಮ ಗುರಿ ಮುಟ್ಟಿತು.

1948ರಲ್ಲಿ ಲಂಡನ್ ಒಲಿಂಪಿಕ್ಸ್‌ನ ದೋಣಿ ಸ್ಪರ್ಧೆಗಳು ಹೆನ್ಲಿಯಲ್ಲೇ ನಡೆದವು. ಗೆದ್ದ ರಿಚರ್ಡ್ ಬರ್ನೆಲ್ ಮತ್ತು ಬರ್ಟ್ ಬುಶ್‌ನೆಲ್ ಜೊತೆಯಾದದ್ದು ಸ್ಪರ್ಧೆಗೆ ಕೆಲವೇ ವಾರಗಳಿದ್ದಾಗ. ಬರ್ನೆಲ್ ಈಟನ್, ಆಕ್ಸ್‌ಫರ್ಡ್‌ಗಳಲ್ಲಿ ಓದಿದವ, ಎತ್ತರದ ಆಳು. ಬುಶ್‌ನೆಲ್ ದೋಣಿ ಕಟ್ಟುವವರ ಮನೆಯ ಹುಡುಗ, ಗಿಡ್ಡ. ವರ್ಗವೂ ಮೈಕಟ್ಟೂ ಹೊಂದದ ಇವರಿಬ್ಬರು ಗೆದ್ದದ್ದನ್ನು ನೋಡಿದರೆ, ಜೋಡಿಗೆ ವರ್ಷಗಳ ಒಡನಾಟ ಬೇಕೇಬೇಕು ಎಂಬ ಮಾತು ಪೂರ್ತಿ ನಿಜವಲ್ಲ ಎನಿಸುತ್ತದೆ. ಅದೇ ಓಟದ ಕಂಚು ಉರುಗ್ವೆಗೆ. 1952ರ ಹೆಲ್ಸಿಂಕಿಯಲ್ಲಿ ಚಿನ್ನ ಅರ್ಜೆಂಟೀನಾದ ಟ್ರಾಂಕಿಲೊ ಕಪೋಜೊ ಮತ್ತು ಎಡ್ವರ್ಡೊ ಗೆರೆರೊಗೆ. ಕಂಚು ಮತ್ತೆ ಉರುಗ್ವೆಗೆ. ಒಲಿಂಪಿಕ್ಸ್ ರೋಯಿಂಗ್‌ನಲ್ಲಿ ಅರ್ಜೆಂಟೀನಾ ಗೆದ್ದ ಒಂದೇ ಒಂದು ಚಿನ್ನ ಅದು.

ನಂತರದ್ದು ಸೋವಿಯತ್ ಯುಗ. 1956ರಿಂದ 1972ರವರೆಗಿನ ಐದು ಒಲಿಂಪಿಕ್ಸ್‌ಗಳಲ್ಲಿ ನಾಲ್ಕು ಚಿನ್ನ ಸೋವಿಯತ್ ಒಕ್ಕೂಟಕ್ಕೆ ಹೋದವು. 1960ರದ್ದು ಮಾತ್ರ ಜೆಕೊಸ್ಲೊವಾಕಿಯಾಕ್ಕೆ. ಈ ಸಾಲಿನ ಮೊದಲ ಚಿನ್ನ ಗೆದ್ದವರಲ್ಲಿ ಒಬ್ಬನಾದ ಯೂರಿ ತ್ಯುಕಾಲೊವ್ ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ ಬದುಕುಳಿದ ಹುಡುಗ, ಮುಂದೆ ಶಿಲ್ಪಿಯಾದವನು. 1952ರಲ್ಲಿ ಅವನು ಸಿಂಗಲ್ ಸ್ಕಲ್ಸ್ ಗೆದ್ದಿದ್ದ.

ಇದೇ ಅವಧಿಯಲ್ಲಿ ಸ್ಪರ್ಧೆಯ ರೂಪವೂ ಬದಲಾಯಿತು. 1960ರ ರೋಮ್ ಒಲಿಂಪಿಕ್ಸ್‌ಗೆ ಆಲ್ಬಾನೊ ಸರೋವರದಲ್ಲಿ ತೇಲುಗುಂಡುಗಳ ಸಾಲಿನಿಂದ ಪ್ರತಿ ದೋಣಿಗೂ ಪ್ರತ್ಯೇಕ ಪಥ ಗುರುತಿಸುವ ಏರ್ಪಾಡು ಬಂತು. 1962ರಲ್ಲಿ ಸ್ವಿಟ್ಜರ್ಲೆಂಡಿನ ಲುಸರ್ನ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಗುಡ್ಡಗಳ ನಡುವಿನ ರಾಟ್‌ಜೀ ಸರೋವರಕ್ಕೆ ಗಾಳಿಯ ಕಾಟ ಕಡಿಮೆ. ಅಲ್ಲಿ ಡಬಲ್ ಸ್ಕಲ್ಸ್ ಗೆದ್ದದ್ದು ಫ್ರಾನ್ಸ್. 1966ರಲ್ಲಿ ಬ್ಲೆಡ್‌ನಲ್ಲಿ ಸ್ವಿಟ್ಜರ್ಲೆಂಡ್, 1970ರಲ್ಲಿ ಕೆನಡಾದ ಸೇಂಟ್ ಕ್ಯಾಥರೀನ್ಸ್‌ನಲ್ಲಿ ಡೆನ್ಮಾರ್ಕ್. ಡೆನ್ಮಾರ್ಕ್ ಜೋಡಿಯಲ್ಲಿದ್ದ ನೀಲ್ಸ್ ಸೆಕೆರ್ ಮುಂದೆ ವೈದ್ಯನಾಗಿ, ರೋಯಿಂಗ್ ಮಾಡುವವರ ದೇಹಕ್ರಿಯೆಯ ಬಗ್ಗೆ ಮಹತ್ವದ ಸಂಶೋಧನೆ ನಡೆಸಿದ. ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಮೇಲುಗೈ ಇದ್ದ ವರ್ಷಗಳಲ್ಲೇ ವಿಶ್ವ ಪ್ರಶಸ್ತಿಗಳು ಹೀಗೆ ಬೇರೆ ಬೇರೆ ದೇಶಗಳಿಗೆ ಹಂಚಿಹೋದದ್ದನ್ನು ಗಮನಿಸಬೇಕು.

ನನ್ನ ವಾದ ನಿಂತಿರುವುದು 1974ರ ಬದಲಾವಣೆಯ ಮೇಲೆ. ಆ ವರ್ಷ ನಾಲ್ಕು ಜನರ ಸ್ಕಲ್ಸ್ ದೋಣಿ, ಅಂದರೆ ಕ್ವಾಡ್ರುಪಲ್ ಸ್ಕಲ್ಸ್, ವಿಶ್ವ ಚಾಂಪಿಯನ್‌ಷಿಪ್‌ಗೆ ಬಂತು. 1976ರಲ್ಲಿ ಒಲಿಂಪಿಕ್ಸ್‌ಗೂ ಬಂತು. ಅಲ್ಲಿಯವರೆಗೆ ದೊಡ್ಡ ದೇಶವೊಂದರ ಉತ್ತಮ ಸ್ಕಲ್ಲರ್‌ಗಳಿಗೆ ಸಿಂಗಲ್, ಡಬಲ್ ಎರಡೇ ದಾರಿ. ಈಗ ಅವರಲ್ಲಿ ನಾಲ್ವರನ್ನು ಕ್ವಾಡ್‌ಗೆ ಕೂರಿಸಬೇಕಾಯಿತು. ಅಷ್ಟು ಜನ ಒಳ್ಳೆಯ ಸ್ಕಲ್ಲರ್‌ಗಳೇ ಇಲ್ಲದ ಸಣ್ಣ ದೇಶಕ್ಕೆ ಈ ಆಯ್ಕೆಯ ತೊಡಕಿಲ್ಲ. ಇರುವ ಇಬ್ಬರನ್ನೂ ಡಬಲ್‌ಗೇ ಇಳಿಸಿತು. 1976ರ ಮಾಂಟ್ರಿಯಲ್ ಇದನ್ನು ಎತ್ತಿ ತೋರಿಸುತ್ತದೆ. ಪುರುಷರ ಎಂಟು ಚಿನ್ನಗಳಲ್ಲಿ ಐದನ್ನು ಪೂರ್ವ ಜರ್ಮನಿ ಬಾಚಿಕೊಂಡಿತು, ಕ್ವಾಡ್ ಸಹ ಅದರದ್ದೇ. ಸಿಂಗಲ್ ಫಿನ್ಲೆಂಡಿನ ಪೆರ್ಟಿ ಕಾರ್ಪಿನೆನ್ ಪಾಲಾಯಿತು. ಡಬಲ್ ನಾರ್ವೆಯ ಅಣ್ಣತಮ್ಮಂದಿರಾದ ಫ್ರಾಂಕ್ ಮತ್ತು ಆಲ್ಫ್ ಹಾನ್‌ಸೆನ್ ಪಾಲಾಯಿತು, ಪೂರ್ವ ಜರ್ಮನಿಗೆ ಕಂಚು.

ಈ ವಾದಕ್ಕೆ ಎದುರಾಗುವ ದೊಡ್ಡ ಆಕ್ಷೇಪ 1980ರ ಮಾಸ್ಕೊ. ಅಲ್ಲಿ ಡಬಲ್ ಸ್ಕಲ್ಸ್ ಸೇರಿ ಪುರುಷರ ಏಳು ಚಿನ್ನ ಪೂರ್ವ ಜರ್ಮನಿಗೇ ಹೋದವು. ಆದರೆ 1978 ಮತ್ತು 1979ರ ವಿಶ್ವ ಚಾಂಪಿಯನ್ನರು ಹಾನ್‌ಸೆನ್ ಸಹೋದರರೇ ಆಗಿದ್ದರು, ಮತ್ತು ನಾರ್ವೆ ಮಾಸ್ಕೊ ಒಲಿಂಪಿಕ್ಸನ್ನು ಬಹಿಷ್ಕರಿಸಿತ್ತು. ಯೋಆಖಿಮ್ ಡ್ರೈಫ್ಕೆ ಮತ್ತು ಕ್ಲಾವ್ಸ್ ಕ್ರೊಪೆಲೀನ್ ಮರುವರ್ಷ ವಿಶ್ವ ಪ್ರಶಸ್ತಿಯನ್ನೂ ಗೆದ್ದರು, ಅವರ ಯೋಗ್ಯತೆಯನ್ನು ಸಂಶಯಿಸುವಂತಿಲ್ಲ. ಆದರೂ ಮಾಸ್ಕೊದ ಫಲಿತಾಂಶವನ್ನು ಪೂರ್ಣ ಪೈಪೋಟಿಯ ಫಲಿತಾಂಶ ಎಂದು ಎಣಿಸುವುದು ತಪ್ಪು. 1984ರಲ್ಲಿ ಇದೇ ಲೆಕ್ಕ ತಿರುಗಿ ಬಂತು. 1983ರ ವಿಶ್ವ ಚಾಂಪಿಯನ್ನರಾದ ಪೂರ್ವ ಜರ್ಮನಿಯ ಥಾಮಸ್ ಲಾಂಗೆ, ಊವೆ ಹೆಪ್ನರ್ ಲಾಸ್ ಏಂಜಲೀಸ್‌ಗೆ ಬರಲಿಲ್ಲ. ಅಮೆರಿಕದ ಬ್ರಾಡ್ ಲೂಯಿಸ್ ಮತ್ತು ಪಾಲ್ ಎನ್‌ಕ್ವಿಸ್ಟ್ ಗೆದ್ದರು. ಬಹಿಷ್ಕಾರದ ಈ ಎರಡು ಒಲಿಂಪಿಕ್ಸ್‌ಗಳನ್ನು ಬದಿಗಿಟ್ಟು ನೋಡುವುದೇ ನ್ಯಾಯ.

ಆಮೇಲಿನ ಪಟ್ಟಿ ತಾನೇ ಮಾತಾಡುತ್ತದೆ. 1988ರಿಂದ 2024ರವರೆಗಿನ ಹತ್ತು ಒಲಿಂಪಿಕ್ಸ್‌ಗಳಲ್ಲಿ ಎಂಟು ದೇಶಗಳು ಗೆದ್ದಿವೆ: ನೆದರ್‌ಲ್ಯಾಂಡ್ಸ್, ಇಟಲಿ, ಸ್ಲೊವೇನಿಯಾ, ನ್ಯೂಜಿಲೆಂಡ್, ಕ್ರೊಯೇಷ್ಯಾ, ರುಮೇನಿಯಾ ಒಂದೊಂದು ಸಲ, ಆಸ್ಟ್ರೇಲಿಯಾ, ಫ್ರಾನ್ಸ್ ಎರಡೆರಡು ಸಲ. 2008ರ ಬೆಳ್ಳಿ ಎಸ್ಟೋನಿಯಾದ್ದು. ಇದರ ಪಕ್ಕದಲ್ಲಿ ಜರ್ಮನಿಯನ್ನು ಇಟ್ಟು ನೋಡಬೇಕು. ಏಕೀಕರಣದ ನಂತರ ಪುರುಷರ ಕ್ವಾಡ್ ಚಿನ್ನವನ್ನು ನಾಲ್ಕು ಸಲ ಗೆದ್ದ ದೇಶ ಅದು: 1992, 1996, 2012, 2016. ಡಬಲ್ ಚಿನ್ನ ಒಂದೂ ಇಲ್ಲ. ಸ್ಟೆಫಾನ್ ವೋಲ್ಕರ್ಟ್, ಆಂಡ್ರಿಯಾಸ್ ಹಾಯೆಕ್ 1997 ಮತ್ತು 1998ರಲ್ಲಿ ವಿಶ್ವ ಡಬಲ್ ಪ್ರಶಸ್ತಿ ಗೆದ್ದದ್ದು ಕ್ವಾಡ್‌ನಿಂದ ಈ ಕಡೆ ಬಂದಾಗ. ಪ್ರತಿಭೆಯನ್ನು ಎಲ್ಲಿ ಕೂರಿಸಿದರು ಎಂಬುದೇ ಫಲಿತಾಂಶವನ್ನು ನಿರ್ಧರಿಸಿದೆ.

ಸ್ಲೊವೇನಿಯಾದ ಕಥೆ ನನಗೆ ಎಲ್ಲಕ್ಕಿಂತ ಪ್ರಿಯ. ಇಪ್ಪತ್ತು ಲಕ್ಷ ಜನರ ಹೊಸ ದೇಶ. ಇಜ್ಟೊಕ್ ಚೋಪ್ 1992ರ ಬಾರ್ಸಿಲೋನಾದಲ್ಲಿ ಒಂದು ಹುಟ್ಟಿನ ಜೋಡಿ ದೋಣಿಯಲ್ಲಿ ಕಂಚು ಪಡೆದಾಗ ಆ ದೇಶ ಸ್ವತಂತ್ರವಾಗಿ ಒಂದು ವರ್ಷವಷ್ಟೇ ಆಗಿತ್ತು. 2000ದ ಸಿಡ್ನಿಯಲ್ಲಿ ಲೂಕಾ ಸ್ಪಿಕ್ ಜೊತೆ ಅವನು ಗೆದ್ದ ಡಬಲ್ ಸ್ಕಲ್ಸ್ ಚಿನ್ನ ಸ್ವತಂತ್ರ ಸ್ಲೊವೇನಿಯಾದ ಮೊದಲ ಒಲಿಂಪಿಕ್ಸ್ ಚಿನ್ನ. ಇದೇ ಜೋಡಿ 1999, 2005, 2007ರಲ್ಲಿ ವಿಶ್ವ ಚಾಂಪಿಯನ್ ಆಯಿತು. 2004ರಲ್ಲಿ ಒಲಿಂಪಿಕ್ಸ್ ಬೆಳ್ಳಿ, 2012ರಲ್ಲಿ ಕಂಚು. ಹದಿಮೂರು ವರ್ಷ ಒಂದೇ ಜೋಡಿ ಈ ಎತ್ತರದಲ್ಲಿ ಉಳಿಯಿತು.

ಕ್ರೊಯೇಷ್ಯಾದ ವ್ಯಾಲೆಂಟ್ ಮತ್ತು ಮಾರ್ಟಿನ್ ಸಿಂಕೊವಿಚ್ ಸಹೋದರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕ್ವಾಡ್‌ನಲ್ಲಿ ವಿಶ್ವ ಪ್ರಶಸ್ತಿ, 2012ರಲ್ಲಿ ಒಲಿಂಪಿಕ್ಸ್ ಬೆಳ್ಳಿ ಪಡೆದ ಮೇಲೆ ಇಬ್ಬರೂ ಡಬಲ್‌ಗೆ ಬಂದರು. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2000 ಮೀಟರನ್ನು 5 ನಿಮಿಷ 59.72 ಸೆಕೆಂಡಿನಲ್ಲಿ ಮುಗಿಸಿದರು. ಡಬಲ್ ಸ್ಕಲ್ಸ್‌ನಲ್ಲಿ ಆರು ನಿಮಿಷದ ಗಡಿ ಮುರಿದದ್ದು ಅದೇ ಮೊದಲು. ರಿಯೊ ಚಿನ್ನದ ನಂತರ ಒಂದು ಹುಟ್ಟಿನ ಜೋಡಿ ದೋಣಿಗೆ ಬದಲಾಗಿ, ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಚಿನ್ನ ಗೆದ್ದರು.

ಭಾರತಕ್ಕೂ ಈ ಚರಿತ್ರೆಗೂ ಸಂಬಂಧವಿದೆ. ಟೋಕಿಯೊದಲ್ಲಿ ಸೇನೆಯ ಅರ್ಜುನ್ ಲಾಲ್ ಜಾಟ್ ಮತ್ತು ಅರವಿಂದ್ ಸಿಂಗ್ ಹಗುರ ತೂಕದ ಡಬಲ್ ಸ್ಕಲ್ಸ್‌ನಲ್ಲಿ 11ನೇ ಸ್ಥಾನ ಪಡೆದರು. ಒಲಿಂಪಿಕ್ಸ್ ರೋಯಿಂಗ್‌ನಲ್ಲಿ ಭಾರತದ ಅತ್ಯುತ್ತಮ ಸಾಧನೆ ಅದು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿಯನ್ನೂ ತಂದರು. ಆದರೆ 1996ರಲ್ಲಿ ಶುರುವಾದ ಹಗುರ ತೂಕದ ವಿಭಾಗ ಪ್ಯಾರಿಸ್‌ನೊಂದಿಗೆ ಒಲಿಂಪಿಕ್ಸ್‌ನಿಂದ ಹೊರಬಿದ್ದಿದೆ. 2028ರ ಲಾಸ್ ಏಂಜಲೀಸ್‌ನಲ್ಲಿ ತೂಕದ ಮಿತಿಯಿಲ್ಲದ ಡಬಲ್ ಸ್ಕಲ್ಸ್ ಮಾತ್ರ ಉಳಿಯುತ್ತದೆ, ಓಟದ ದೂರವೂ 1500 ಮೀಟರಿಗೆ ಇಳಿಯುತ್ತದೆ. ನಮ್ಮ ರೋಯಿಂಗ್ ಆಡಳಿತಗಾರರು ಎಂಟು ಜನರ ದೋಣಿಯ ಆಸೆಯನ್ನು ಸದ್ಯಕ್ಕೆ ಬದಿಗಿಟ್ಟು, ಎತ್ತರದ ಇಬ್ಬರು ಸ್ಕಲ್ಲರ್‌ಗಳನ್ನು ಎಳೆಯ ವಯಸ್ಸಿನಲ್ಲೇ ಹುಡುಕಿ, ಹತ್ತು ವರ್ಷ ಒಂದೇ ದೋಣಿಯಲ್ಲಿ ಕೂರಿಸಲಿ. ಸ್ಲೊವೇನಿಯಾ ಮಾಡಿದ್ದು ಅದನ್ನೇ.