ಮೊಟ್ಟೆಯಾದ ಬೊಂಬೆ, ಇಲ್ಲದ ಗುಹೆ

ಚನ್ನಪಟ್ಟಣದ ಅಂಗಡಿಯಲ್ಲಿ ಅರಗಿನ ಬೊಂಬೆಗಳನ್ನು ಸಾಲಾಗಿ ನಿಲ್ಲಿಸಿ, ಮೊಬೈಲಿನ ವೈಡ್ ಕ್ಯಾಮೆರಾದಿಂದ ಹತ್ತಿರದಲ್ಲೇ ಒಂದು ಫೋಟೊ ತೆಗೆದು ನೋಡಿ. ನಡುವಿನ ಬೊಂಬೆಯ ತಲೆ ಗುಂಡಗೆ ಇರುತ್ತದೆ. ಅಂಚಿನಲ್ಲಿ ನಿಂತದ್ದರ ತಲೆ ಮಾತ್ರ ಕೋಳಿಮೊಟ್ಟೆ! ಹಾಲೆ ಮರವನ್ನು ಲೇತಿಗೆ ಕೊಟ್ಟು ಉರುಟು ಮಾಡಿದವರ ತಪ್ಪೇನೂ ಇಲ್ಲಿಲ್ಲ. ಅಗಲವಾದ ನೋಟವನ್ನು ಚಪ್ಪಟೆ ಹಾಳೆಯ ಮೇಲೆ ಹರಡುವಾಗ ಅಂಚಿನ ಗೋಳಗಳು ಹೊರಕ್ಕೆ ಜಗ್ಗುತ್ತವೆ. ಮದುವೆಯ ಗ್ರೂಪ್ ಫೋಟೊದಲ್ಲಿ ಕೊನೆಗೆ ನಿಂತ ಸೋದರಮಾವ ಒಂದೇ ಕ್ಷಣದಲ್ಲಿ ಹತ್ತು ಕಿಲೊ ಏರಿದಂತೆ ಕಾಣುವುದೂ ಇದರಿಂದಲೇ. ಅವರಿಗೆ ಇದನ್ನು ವಿವರಿಸಿದರೆ ನಂಬುವುದಿಲ್ಲ, ಫೋಟೊಗ್ರಾಫರನನ್ನೇ ಬೈಯುತ್ತಾರೆ.

ಈ ತೊಂದರೆ ಕ್ಯಾಮೆರಾಕ್ಕಿಂತ ಹಳೆಯದು. 1509ರಿಂದ 1511ರ ನಡುವೆ ರಫಾಯೆಲ್ 'ಅಥೆನ್ಸಿನ ಶಾಲೆ' ಚಿತ್ರವನ್ನು ಬಿಡಿಸಿದಾಗ ಬಲ ಅಂಚಿನಲ್ಲಿ ಇಬ್ಬರ ಕೈಗೆ ಗೋಳ ಕೊಟ್ಟ. ಪರ್ಸ್ಪೆಕ್ಟಿವ್ ಲೆಕ್ಕದಂತೆ ಅವು ಮೊಟ್ಟೆಯಾಗಬೇಕಿತ್ತು. ಅವನು ಲೆಕ್ಕ ಬಿಟ್ಟು ದುಂಡಗೆ ಬರೆದ. ಐದು ಶತಮಾನದಿಂದ ಯಾರಿಗೂ ಕಣ್ಣು ಕುಕ್ಕಿಲ್ಲ. ನನಗೆ ಆ ಸುಳ್ಳೇ ಇಷ್ಟ.

ಪಕ್ಕದ ರಾಮನಗರದ ಬಂಡೆಗಳಿಗೆ ಈ ಫಜೀತಿಯಿಲ್ಲ. ಅಲ್ಲಿ ನೇರ ಗೆರೆಯೂ ಇಲ್ಲ, ಅಚ್ಚುಕಟ್ಟಾದ ಗೋಳವೂ ಇಲ್ಲ. ಮಸೂರ ಎಷ್ಟು ಬಾಗಿಸಿದರೂ ಬಂಡೆ ಬಂಡೆಯೇ. ಸಿನಿಮಾದವರು ಇಲ್ಲಿಗೆ ಬಂದದ್ದು ಇದಕ್ಕೇ ಎಂದು ಹೇಳಲಾರೆ, ಆದರೆ ಬಂದವರು ಕಣ್ಕಟ್ಟನ್ನು ಚೆನ್ನಾಗಿಯೇ ಮಾಡಿದರು.

'ಶೋಲೆ'ಯ ಚಿತ್ರೀಕರಣ ಇಲ್ಲಿ ಶುರುವಾದದ್ದು 1973ರ ಅಕ್ಟೋಬರಿನಲ್ಲಿ. ರಾಮಗಢ ಎಂಬ ಊರು ಕಲಾ ನಿರ್ದೇಶಕ ರಾಮ್ ಯೆಡೇಕರ್ ಕಟ್ಟಿಸಿದ ಸೆಟ್. ಆ ರೈಲು ಓಡಿದ್ದು ಇಲ್ಲಲ್ಲ, ಮುಂಬೈ ಹತ್ತಿರದ ಪನ್ವೇಲ್ ಕಡೆ. ಠಾಕೂರರ ಕೈಗಳು ಶಾಲಿನೊಳಗೆ ಕ್ಷೇಮವಾಗಿದ್ದವು. 70 ಎಂ.ಎಂ. ಕೂಡ ಅರ್ಧ ಕಣ್ಕಟ್ಟೇ: ದ್ವಾರಕಾ ದಿವೇಚಾ 35 ಎಂ.ಎಂ. ಫಿಲ್ಮಿನಲ್ಲಿ ಸೆರೆಹಿಡಿದದ್ದನ್ನು, ಚೌಕಟ್ಟಿನ ಮೇಲುಕೆಳಗನ್ನು ಬಿಟ್ಟು, ಹಿಗ್ಗಿಸಿ ಅಗಲ ತೆರೆಗೆ ತಂದರು.

ಡೇವಿಡ್ ಲೀನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಇ.ಎಂ. ಫಾರ್ಸ್ಟರ್ 1924ರ ಕಾದಂಬರಿಯಲ್ಲಿ ಮರಬಾರ್ ಗುಹೆಗಳನ್ನು ಕಲ್ಪಿಸಿಕೊಂಡದ್ದು ಬಿಹಾರದ ಬರಾಬರ್ ಗುಹೆಗಳಿಂದ. 'ಎ ಪ್ಯಾಸೇಜ್ ಟು ಇಂಡಿಯಾ' (1984) ತೆಗೆಯುವಾಗ ಲೀನನಿಗೆ ಬರಾಬರ್ ಸಪ್ಪೆ ಎನಿಸಿತು. ಮಾಗಡಿಯ ಸಾವನದುರ್ಗಕ್ಕೂ ರಾಮದೇವರ ಬೆಟ್ಟಕ್ಕೂ ಬಂದು, ಬಂಡೆಯಲ್ಲಿ ಗುಹೆಯ ಬಾಯಿಗಳನ್ನಷ್ಟೇ ಕೊರೆಸಿದ. ಒಳಗೆ ಗುಹೆಯಿಲ್ಲ! ಕಾದಂಬರಿಯ ನಾಯಕಿ ಆ ಗುಹೆಯೊಳಗೆ ನಿಜಕ್ಕೂ ಏನಾದರೂ ಆಯಿತೇ ಎಂಬ ಗೊಂದಲದಲ್ಲೇ ಒದ್ದಾಡುವವಳು ಎಂಬುದನ್ನು ನೆನೆದರೆ ನಗು ಬರುತ್ತದೆ.

ನಗು ನಿಲ್ಲುವುದು ಬೆಟ್ಟ ಹತ್ತಿದಾಗ. 2012ರಲ್ಲಿ ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಅಳಿವಿನಂಚಿನಲ್ಲಿರುವ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ಕಡಿದಾದ ಬಂಡೆಗಳಿವು. ಬಂದವರು ಮಾತ್ರ ಗಬ್ಬರ್ ಸಿಂಗ್ ಕೂತ ಬಂಡೆ ಯಾವುದೆಂದು ವಿಚಾರಿಸಿ, ಇನ್ನೊಂದು ಬಂಡೆಯನ್ನು ಅಂಗೈ ಮೇಲೆ ಎತ್ತಿ ಹಿಡಿದಂತೆ ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ನಾನೂ ತೆಗೆಸಿಕೊಂಡಿದ್ದೇನೆ. ವೈಡ್ ಕ್ಯಾಮೆರಾ ಹತ್ತಿರದ ಅಂಗೈಯನ್ನು ದೊಡ್ಡದು ಮಾಡಿ ದೂರದ್ದನ್ನೆಲ್ಲ ಕಿರಿದಾಗಿಸುತ್ತದೆ. ಮೇಲೆ ಹದ್ದೊಂದು ಹಾರುತ್ತಿದ್ದರೂ ಆ ಫೋಟೊದಲ್ಲಿ ಅದು ಧೂಳಿನ ಕಣದಷ್ಟೇ.