ಪದ ಪರಿಚಯ: ಪಾಯಿಂಟ್ ಗಾರ್ಡ್

ಬ್ಯಾಸ್ಕೆಟ್‌ಬಾಲ್ ತಂಡದ ಐವರಲ್ಲಿ ಚೆಂಡನ್ನು ಪುಟಿಸುತ್ತ ಮುಂದಕ್ಕೆ ತಂದು, ಅದನ್ನು ಯಾರಿಗೆ ಯಾವಾಗ ದಾಟಿಸಬೇಕೆಂದು ನಿರ್ಧರಿಸುವ ಆಟಗಾರನನ್ನು ‘ಪಾಯಿಂಟ್ ಗಾರ್ಡ್’ ಎನ್ನುತ್ತಾರೆ. ಇಲ್ಲಿ ‘ಪಾಯಿಂಟ್’ ಎಂಬುದು ಕಬಡ್ಡಿಯಲ್ಲಿರುವಂತೆ ಅಂಕವಲ್ಲ, ದಾಳಿಯ ವ್ಯೂಹದ ಮುಂತುದಿ. ‘ಗಾರ್ಡ್’ ಮಾತ್ರ ಅಪ್ಪಟ ಕಾವಲಿನ ಪದ. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಇದರ ಬೇರು ಜರ್ಮಾನಿಕ್ ಭಾಷೆಗಳದ್ದಾಗಿದ್ದು, ಆಸ್ಪತ್ರೆಯ ‘ವಾರ್ಡು’, ಹಾಸ್ಟೆಲಿನ ‘ವಾರ್ಡನ್’ ಎರಡೂ ಇದರ ದಾಯಾದಿಗಳೇ. ಮೂಡಿಗೆರೆ, ಕಳಸದಂಥ ಕಾಡಂಚಿನ ಕಾಫಿ ಸೀಮೆಯಲ್ಲಿ ಈ ಪದ ಕೇಳಿದರೆ ಮೊದಲು ನೆನಪಾಗುವುದು ಫಾರೆಸ್ಟ್ ಗಾರ್ಡು. ಆ ಹುದ್ದೆ ಕಡತದಲ್ಲಿ ‘ಅರಣ್ಯ ರಕ್ಷಕ’ನಾಗಿದ್ದು, ಈಚೆಗೆ ‘ಗಸ್ತು ಅರಣ್ಯ ಪಾಲಕ’ನಾಗಿದೆ.

1891ರಲ್ಲಿ ಜೇಮ್ಸ್ ನೈಸ್ಮಿತ್ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಂಬತ್ತೊಂಬತ್ತು ಮಂದಿಯ ತಂಡಗಳನ್ನು ಕಟ್ಟಿ ಈ ಆಟವನ್ನು ಆರಂಭಿಸಿದಾಗ ಗಾರ್ಡುಗಳ ಕೆಲಸ ಹೆಸರಿಗೆ ತಕ್ಕಂತೆ ತಮ್ಮ ಕಡೆಯ ಬುಟ್ಟಿಯನ್ನು ಕಾಯುವುದೇ ಆಗಿತ್ತು. ಆಟ ಬದಲಾದರೂ ಹೆಸರು ಬದಲಾಗದೆ, ಕಾವಲುಗಾರನೇ ದಾಳಿಯ ಮುಂದಾಳಾದ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ 2016–17ರ ಋತುವಿನಲ್ಲಿ ರಸೆಲ್ ವೆಸ್ಟ್‌ಬ್ರೂಕ್ ಎಂಬ ಪಾಯಿಂಟ್ ಗಾರ್ಡ್ ಪಂದ್ಯಕ್ಕೆ ಸರಾಸರಿ 31.6 ಅಂಕ ಗಳಿಸಿದ್ದನ್ನು ನೋಡಿದರೆ ‘ಕಾವಲು’ ಎಂಬ ಅರ್ಥ ಎಷ್ಟು ಸವೆದಿದೆಯೆಂಬುದು ತಿಳಿಯುತ್ತದೆ.

ಇಂಥ ಆಟವನ್ನು ಕನ್ನಡದ ಕ್ರೀಡಾ ವರದಿಗಳು ‘ಆಕ್ರಮಣಕಾರಿ’ ಎನ್ನುತ್ತವೆ. ಹೆಜ್ಜೆಯಿಡುವುದೆಂಬ ಅರ್ಥದ ಸಂಸ್ಕೃತದ ‘ಕ್ರಮ್’ ಧಾತುವಿನಿಂದ ಬಂದ ಈ ಪದ, ಎದುರಾಳಿಯ ಬುಟ್ಟಿಯತ್ತ ನುಗ್ಗುವವನಿಗೆ ಹೊಂದುವಷ್ಟು ದೂರದಿಂದ ಗುರಿಯಿಟ್ಟು ಎಸೆಯುವವನಿಗೆ ಹೊಂದದು.